71ರ ಅಮ್ಮಂಗೆ ‘ಪವರ್ ಟ್ರೇನಿಂಗ್’ ಮಾಡ್ಸಿ ಅಂತಿದಾರೆ, ಮಾಡ್ಸ್‌ಬಹುದಾ? ಮನೇಲಿ ಜಗಳ ಶುರುವಾಗಿದೆ

ತುಮಕೂರ್_ಹುಡುಗ:
ಎಲ್ರಿಗೂ ನಮಸ್ಕಾರ. ಅಮ್ಮಂಗೆ 71. ದಿನಾ ಬೆಳಗ್ಗೆ ಮುಕ್ಕಾಲು ಗಂಟೆ ವಾಕಿಂಗ್ ಮಾಡ್ತಾರೆ, ಬಿಪಿ ಮಾತ್ರೆ ಒಂದು ಬಿಟ್ರೆ ಬೇರೇನಿಲ್ಲ, ಶುಗರ್ ಇಲ್ಲ, ಮಂಡಿ ಸ್ವಲ್ಪ ಸವೆದಿದೆ ಅಂತ ಎಕ್ಸ್‌ರೇಲಿ ಬಂದಿದೆ. ಆದ್ರೆ ಈಗ ಸುಮಾರು ದಿನದಿಂದ ಸೋಫಾದಿಂದ ಏಳ್ಬೇಕಾದ್ರೆ ಎರಡೂ ಕೈ ಊರಿ, ಒಂದ್ಸಲ ಹಿಂದೆ ಮುಂದೆ ತೂಗಿ, ಆಮೇಲೆ ಏಳ್ತಾರೆ. ಫ್ರೀ ಬಸ್ ಬಂದಾಗಿಂದ ಅಕ್ಕತಂಗೀರ ಜೊತೆ ಊರೂರು ದೇವಸ್ಥಾನ ಸುತ್ತುತಿದ್ರು, ಈಗ ಬಸ್ ಅಂದ್ರೆ ಬೇಡ ಅಂತಾರೆ. ಮೊದಲ್ನೇ ಮೆಟ್ಲು ಎತ್ತರ, ಹಿಂದೆ ಜನ ನೂಕ್ತಾರೆ, ಕಂಡಕ್ಟರ್ ‘ಬೇಗ ಬೇಗ’ ಅಂತಾನೆ.

ನಮ್ಮ ಏರಿಯಾದ ಒಬ್ಬ ಟ್ರೇನರ್, ‘ಆಂಟಿಗೆ ವಾಕಿಂಗ್ ಸಾಲಲ್ಲ, ಪವರ್ ಟ್ರೇನಿಂಗ್ ಬೇಕು, ತೂಕನ ಸ್ಪೀಡಾಗಿ ಎತ್ತೋದು ಕಲೀಬೇಕು’ ಅಂದ. ಅಕ್ಕ ಕೇಳಿದ ತಕ್ಷಣ ಉರಿದುಬಿದ್ಲು, ಈ ವಯಸ್ಸಲ್ಲಿ ಸೊಂಟ ಮುರೀತೀರಾ ಅಂತ. ಅಮ್ಮ ಮಾತ್ರ ‘ಚೂಡಿದಾರ್ ಹಾಕ್ಕೋಬೇಕಾ’ ಅಂತ ಕೇಳಿ ಸುಮ್ನಾದ್ರು. ಇದು ನಿಜವಾಗ್ಲೂ ಇರೋ ವಿಷಯಾನಾ ಅಥವಾ ಪ್ಯಾಕೇಜ್ ಮಾರೋ ಐಡಿಯಾನಾ? ಅನುಭವ ಇರೋರು ಹೇಳಿ.

ಮೈಸೂರ್_ಮೂರ್ತಿ:
ಸರ್, ಸುಮ್ನೆ ರಿಸ್ಕ್ ತಗೋಬೇಡಿ. ಯೋಗ, ಪ್ರಾಣಾಯಾಮ, ವಾಕಿಂಗ್. ಇಷ್ಟು ಸಾಕು. ನಮ್ಮಜ್ಜಿ 92 ವರ್ಷ ಬದುಕಿದ್ರು, ಜಿಮ್ ಬಾಗಿಲೇ ನೋಡಿಲ್ಲ.

ಬೆಂಕಿ_ಚೆಂಡು:
ನಿಮ್ಮಜ್ಜಿ ದಿನಾ ಬಾವಿಯಿಂದ ನೀರು ಸೇದಿರ್ತಾರೆ ಮೂರ್ತಿ ಸಾರ್, ಅದೇ ಜಿಮ್ಮು.

ಮೈಸೂರ್_ಮೂರ್ತಿ:
ಅದನ್ನೇ ನಾನೂ ಹೇಳ್ತಿರೋದು, ಮನೆ ಕೆಲಸ ಮಾಡಿದ್ರೆ ಸಾಕು ಅಂತ.

ಫಿಸಿಯೋ_ಅಕ್ಕ:
ನಾನು ಫಿಸಿಯೋಥೆರಪಿಸ್ಟ್, ನನ್ನ ಹತ್ರ ಬರೋರಲ್ಲಿ ಮುಕ್ಕಾಲುವಾಸಿ 65 ದಾಟಿದವ್ರೇ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೆ ಬಿಟ್ಬಿಡಿ.

ಟ್ರೇನರ್ ಹೇಳಿದ್ದು ಬುರುಡೆ ಅಲ್ಲ. ಶಕ್ತಿ ಅಂದ್ರೆ ಎಷ್ಟು ಭಾರ ತಳ್ತೀರಿ ಅನ್ನೋದು, ಪವರ್ ಅಂದ್ರೆ ಆ ಭಾರನ ಎಷ್ಟು ಬೇಗ ತಳ್ತೀರಿ ಅನ್ನೋದು. ವಯಸ್ಸಾಗ್ತಾ ಎರಡೂ ಇಳಿಯುತ್ತೆ, ಆದ್ರೆ ಪವರ್ ಮೊದ್ಲೇ ಇಳಿಯೋಕೆ ಶುರುವಾಗುತ್ತೆ, ಜೋರಾಗೂ ಇಳಿಯುತ್ತೆ. 1994ರಲ್ಲಿ ಇಂಗ್ಲೆಂಡಲ್ಲಿ 65ರಿಂದ 89 ವಯಸ್ಸಿನವರನ್ನ ಅಳೆದಾಗ ಶಕ್ತಿ ವರ್ಷಕ್ಕೆ 1–2%, ಕಾಲಿನ ಪವರ್ ಸುಮಾರು 3.5% ಕಮ್ಮಿ ಅಂತ ಬಂತು. ಹತ್ತು ವರ್ಷಕ್ಕೆ ಲೆಕ್ಕ ಹಾಕಿ, ಹತ್ರಹತ್ರ ಮೂರನೇ ಒಂದು ಭಾಗ ಹೋಗಿರುತ್ತೆ. ಕಾರಣ ಏನಂದ್ರೆ ಸ್ನಾಯುವಿನಲ್ಲಿ ಬೇಗ ಕೆಲಸ ಮಾಡೋ ಎಳೆಗಳು ಬೇರೆ, ನಿಧಾನಕ್ಕೆ ಕೆಲಸ ಮಾಡೋ ಎಳೆಗಳು ಬೇರೆ. ವಯಸ್ಸಲ್ಲಿ ಹೆಚ್ಚು ಸೊರಗೋದು ಬೇಗದ ಎಳೆಗಳು. ಅವನ್ನ ಓಡಿಸೋ ನರಗಳೂ ಒಂದೊಂದಾಗಿ ಸಾಯ್ತಾ ಬರುತ್ವೆ. ವಾಕಿಂಗಲ್ಲಿ ಕೆಲಸ ಬೀಳೋದು ಹೆಚ್ಚಾಗಿ ನಿಧಾನದ ಎಳೆಗಳಿಗೆ, ಅದಕ್ಕೇ ನಿಮ್ಮಮ್ಮ ಅಷ್ಟು ನಡೆದ್ರೂ ಸೋಫಾದಿಂದ ಏಳೋಕೆ ಕಷ್ಟ. ವಾಕಿಂಗ್ ಬಿಡಿಸ್ಬೇಡಿ ಮತ್ತೆ, ಹೃದಯಕ್ಕೆ ಅದು ಬೇಕೇ ಬೇಕು.

ಎಡವಿದಾಗ ಏನಾಗುತ್ತೆ ನೋಡಿ. ಇನ್ನೊಂದು ಕಾಲನ್ನ ಸಟ್ಟಂತ ಮುಂದೆ ಇಟ್ರೆ ಬಚಾವ್. ಅರ್ಧ ಸೆಕೆಂಡೂ ಟೈಮ್ ಇರಲ್ಲ. ಕಾಲಲ್ಲಿ ಶಕ್ತಿ ಇದ್ದೂ ಅದು ಲೇಟಾಗಿ ಬಂದ್ರೆ ಬಂದೇನು ಪ್ರಯೋಜನ.

ನಿವೃತ್ತ_ಮೇಷ್ಟ್ರು:
ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಫಿಸಿಕ್ಸ್ ಪಾಠ ಮಾಡಿದವನು, ಲೆಕ್ಕ ಹೇಳದೆ ಇರಲಾರೆ. 60 ಕೆಜಿಯ ಅಮ್ಮನವರು ಕುರ್ಚಿಯಿಂದ ಎದ್ದರೆ ದೇಹದ ಭಾರ ಸುಮಾರು 35 ಸೆಂಮೀ ಮೇಲೆ ಹೋಗುತ್ತೆ ಅಂತ ಇಟ್ಟುಕೊಳ್ಳಿ. 60 × 9.8 × 0.35, ಹೆಚ್ಚುಕಡಿಮೆ 200 ಜೂಲ್ ಕೆಲಸ. ಒಂದು ಸೆಕೆಂಡಿನಲ್ಲಿ ಎದ್ದರೆ 200 ವಾಟ್, ಎರಡು ಸೆಕೆಂಡಿನಲ್ಲಿ ಎದ್ದರೆ 100 ವಾಟ್. ಕೆಲಸ ಅದೇ, ಪವರ್ ಅರ್ಧ. ನನಗೂ 74, ನಾನೂ ಈಗ ನೂರು ವಾಟಿನ ಆಸಾಮಿ.

ಬೆಂಕಿ_ಚೆಂಡು:
ಮೇಷ್ಟ್ರೇ ನೂರು ವಾಟ್ ಬಲ್ಬ್ ಈಗ ಯಾರೂ ಹಾಕಲ್ಲ, ಎಲ್ಇಡಿ ಆಗಿ.

ಹುಬ್ಳಿ_ಮಂದಿ:
ನೋಡ್ರಿ ಇದೆಲ್ಲಾ ಹೊಸಾದು ಅಂತ ಯಾಕ ತಿಳ್ಕೊಂಡೀರಿ. ನಮ್ಮ ಕಡೆ ಗರಡಿಮನ್ಯಾಗ ಬಸ್ಕಿ, ದಂಡ ಹೊಡೀತಿದ್ರು, ಜಾತ್ರ್ಯಾಗ ಸಂಗ್ರಾಣಿ ಕಲ್ಲ ಎತ್ತತಿದ್ರು. ನಮ್ಮ ಕಾಕಾ ಅರವತ್ತೈದಕ್ಕೂ ಬಸ್ಕಿ ಹೊಡೀತಿದ್ದ, ಅದೂ ಪಟಪಟ ಅಂತ. ಯಾವ ಟ್ರೇನರೂ ಇರ್ಲಿಲ್ಲ, ಪ್ಯಾಕೇಜೂ ಇರ್ಲಿಲ್ಲ.

ಸ್ಮಿತಾ_ಬಸವನಗುಡಿ:
ನಿಮ್ಮ ಕಾಕಾ ಹೊಡೀತಿದ್ರು ಸರಿ, ನಿಮ್ಮ ಕಾಕೂ? ಗರಡಿಮನೆಗೆ ಹೆಂಗಸರನ್ನ ಒಳಗೆ ಬಿಡ್ತಿದ್ರಾ? ಹಳೇ ಕಾಲ ಚೆನ್ನಾಗಿತ್ತು ಅನ್ನೋ ಮಾತು ಬಂದಾಗೆಲ್ಲಾ ಯಾರಿಗೆ ಚೆನ್ನಾಗಿತ್ತು ಅಂತ ಕೇಳ್ಬೇಕು. ನಮ್ಮಜ್ಜಿ ಜೀವಮಾನ ಪೂರ್ತಿ ರುಬ್ಬಿ, ಕುಟ್ಟಿ, ನೀರು ಹೊತ್ತು, ಎಪ್ಪತ್ತಕ್ಕೆ ಬೆನ್ನು ಬಾಗಿ ನೆಲ ನೋಡ್ಕೊಂಡೇ ನಡೀತಿದ್ರು. ಮನೆಕೆಲಸ ದಣಿವು ಕೊಡುತ್ತೆ, ವ್ಯಾಯಾಮ ಆಗಲ್ಲ.

ಹುಬ್ಳಿ_ಮಂದಿ:
ಕಾಕೂ ಬಗ್ಗೆ ನೀವು ಹೇಳಿದ್ದು ಖರೆ ಐತ್ರಿ ಅಕ್ಕಾರ. ಒಳಗ ಬಿಡ್ತಿರ್ಲಿಲ್ಲ.

ಕುಡ್ಲದ_ಕೇಸರಿ:
ಎಂತ ಮಾರಾಯ್ರೆ, ಯಕ್ಷಗಾನದಲ್ಲಿ ನೋಡಿ, ಅರವತ್ತು ದಾಟಿದವರು ಕಿರೀಟ ಕಟ್ಟಿಕೊಂಡು ರಾತ್ರಿ ದಿಗಿಣ (ಹಾರಿ ಹಾರಿ ತಿರುಗುವ ಕುಣಿತ) ಹಾರ್ತಾರೆ. ಅದಕ್ಕಿಂತ ದೊಡ್ಡ ಪವರ್ ಟ್ರೇನಿಂಗ್ ಉಂಟಾ? ಆದರೆ ಅವರು ಹುಡುಗ ಇರುವಾಗಲೇ ಶುರು ಮಾಡಿದ್ದು. 71ಕ್ಕೆ ಹೊಸತಾಗಿ ಶುರು ಮಾಡುದು ಅಂದ್ರೆ ನನಗೂ ಸ್ವಲ್ಪ ಹೆದರಿಕೆಯೇ. ಹಾಗೆ ಹೇಳಿದ್ರೆ ಕುಣಿತದಲ್ಲಿ ಮಂಡಿ ಹಾಕಿ ಹಾಕಿ ಮೂಳೆ ಸವೆಸಿಕೊಂಡವರು ಕೂಡ ಎಷ್ಟೋ ಜನ ಇದ್ದಾರೆ.

ಸ್ಮಿತಾ_ಬಸವನಗುಡಿ:
ಹೊಸದಾಗಿ ಶುರು ಮಾಡೋಕೆ 71 ಏನೂ ಲೇಟಲ್ಲ. ಪಟಿಯಾಲಾದ ಮನ್ ಕೌರ್ ಓಟ ಶುರು ಮಾಡಿದ್ದೇ 93ಕ್ಕೆ, 2017ರಲ್ಲಿ ಆಕ್ಲೆಂಡಲ್ಲಿ ನಡೆದ ವರ್ಲ್ಡ್ ಮಾಸ್ಟರ್ಸ್ ಗೇಮ್ಸಲ್ಲಿ 101ನೇ ವಯಸ್ಸಲ್ಲಿ ನೂರು ಮೀಟರ್ ಚಿನ್ನ. 2022ರಲ್ಲಿ ಫಿನ್ಲೆಂಡಲ್ಲಿ 94ರ ಭಗವಾನಿ ದೇವಿ 24.74 ಸೆಕೆಂಡಲ್ಲಿ ನೂರು ಮೀಟರ್ ಓಡಿದ್ರು.

ಮಂಡ್ಯದ_ಗಂಡು:
ನನ್ನ ಕೈಲಿ ಈಗ 24 ಸೆಕೆಂಡಲ್ಲಿ ಆಗುತ್ತಾ ಅಂತ ಡೌಟು, ನಂಗಿನ್ನೂ 38.

ಡಾಟಾ_ಗಿರಾಕಿ:
ಚಿನ್ನ ಗೆದ್ದ ಒಬ್ರನ್ನ ತೋರಿಸಿ ಎಲ್ರೂ ಮಾಡಿ ಅನ್ನೋದು ಸರಿಯಲ್ಲ. ಗೆಲ್ಲದೇ ಬಿದ್ದೋರ ಸುದ್ದಿ ಪೇಪರಲ್ಲಿ ಬರಲ್ಲ. ಟ್ರಯಲ್‌ಗಳು, ಅಂದ್ರೆ ಜನರ ಮೇಲೆ ಮಾಡಿ ನೋಡಿದ ಪ್ರಯೋಗಗಳು, ಏನು ಹೇಳ್ತವೆ ಅನ್ನೋದು ಮುಖ್ಯ.

ಒಂದು, 1990ರಲ್ಲಿ ಅಮೆರಿಕದ ಬಾಸ್ಟನ್ನಲ್ಲಿ ಮರಿಯಾ ಫಿಯಾಟರೋನ್ ತಂಡ ವೃದ್ಧಾಶ್ರಮದ ಹತ್ತು ಜನರಿಗೆ, ಸರಾಸರಿ ವಯಸ್ಸು 90, ಎಂಟು ವಾರ ಕಾಲಿಗೆ ಜೋರಾದ ವೇಟ್ ಟ್ರೇನಿಂಗ್ ಕೊಡ್ತು. ಪೂರ್ತಿ ಮುಗಿಸಿದ ಒಂಬತ್ತು ಜನರ ಶಕ್ತಿ ಸರಾಸರಿ 174% ಹೆಚ್ಚಾಯ್ತು. ಅದು ಪವರ್ ಟ್ರೇನಿಂಗ್ ಅಲ್ಲ, ನಿಧಾನದ ಸ್ಟ್ರೆಂತ್ ಟ್ರೇನಿಂಗು, ಆದ್ರೆ ‘ಈ ವಯಸ್ಸಲ್ಲಿ ಸ್ನಾಯು ಬೆಳೆಯಲ್ಲ’ ಅನ್ನೋ ನಂಬಿಕೆಗೆ ಅಲ್ಲೇ ಪೆಟ್ಟು ಬಿತ್ತು.

ಎರಡನೇದು ನೇರ ಹೋಲಿಕೆ. 2022ರಲ್ಲಿ 20 ಟ್ರಯಲ್ ಒಟ್ಟುಗೂಡಿಸಿ ನೋಡಿದ್ರು, ಸೇರಿ 566 ಜನ, ಸರಾಸರಿ ವಯಸ್ಸು 70. ಸ್ಪೀಡಾಗಿ ಎತ್ತಿದೋರಿಗೆ ನಿಧಾನಕ್ಕೆ ಎತ್ತಿದೋರಿಗಿಂತ ಓಡಾಟ, ಏಳೋದು ಕೂರೋದು ಇಂಥದ್ರಲ್ಲಿ ಸ್ವಲ್ಪ ಜಾಸ್ತಿ ಲಾಭ. ‘ಸ್ವಲ್ಪ’ ಅನ್ನೋದನ್ನ ಒತ್ತಿ ಓದಿ, ಸಾಕ್ಷ್ಯದ ಗಟ್ಟಿತನವೂ ಕಮ್ಮಿ ಅಂತ ಅವರೇ ಬರ್ಕೊಂಡಿದಾರೆ. ಹಾಗಾಗಿ ಟ್ರೇನರ್ ಹೇಳಿದ್ದು ಸುಳ್ಳಲ್ಲ, ಆದ್ರೆ ಅದೇನೂ ಪವಾಡ ಅಲ್ಲ.

ತುಮಕೂರ್_ಹುಡುಗ:
ಅಂದ್ರೆ ನಿಧಾನಕ್ಕೆ ಮಾಡಿದ್ರೂ ಪ್ರಯೋಜನ ಇದೆ ಅಂತಾಯ್ತಲ್ಲ, ಹಾಗಿದ್ಮೇಲೆ ಸ್ಪೀಡ್ ಯಾಕೆ ಬೇಕು? ಅಕ್ಕ ಇದನ್ನೇ ಹಿಡ್ಕೊಂಡು ಕೂರ್ತಾಳೆ.

ಫಿಸಿಯೋ_ಅಕ್ಕ:
ಏನೂ ಮಾಡದೇ ಇರೋದಕ್ಕಿಂತ ನಿಧಾನಕ್ಕೆ ಮಾಡೋದು ಎಷ್ಟೋ ವಾಸಿ, ಮೊದಲ್ನೇ ತಿಂಗಳು ಅದನ್ನೇ ಮಾಡಿಸ್ಬೇಕು. ಕೀಲು, ಸ್ನಾಯುರಜ್ಜು (ಸ್ನಾಯುನ ಮೂಳೆಗೆ ಸೇರ್ಸೋ ಹುರಿ) ಎಲ್ಲಾ ಒಗ್ಗಬೇಕಲ್ಲ. ಆಮೇಲೆ ಅದೇ ವ್ಯಾಯಾಮನ ಏಳುವಾಗ ಬೇಗ, ಇಳಿಯುವಾಗ ನಿಧಾನ ಮಾಡ್ಸೋದು. ಅದಕ್ಕೇನು ಹೊಸ ಮಷೀನ್ ಬೇಕಾ, ಎಕ್ಸ್‌ಟ್ರಾ ಟೈಮ್ ಬೇಕಾ? ಸಿಗೋ ಲಾಭ ಸ್ವಲ್ಪವೇ ಆದ್ರೂ ಖರ್ಚಿಲ್ಲ.

ಸ್ಪೀಡ್ ಅಂದ್ರೆ ಜನ ಒಲಿಂಪಿಕ್ಸಲ್ಲಿ ಬಾರ್ ಎತ್ತಿ ಬಿಸಾಕೋದನ್ನ ಯೋಚ್ನೆ ಮಾಡ್ತಾರೆ. ಅದಲ್ಲ. 2005ರಲ್ಲಿ ಸಿಡ್ನಿಯಲ್ಲಿ 60 ದಾಟಿದೋರಿಗೆ ಮೂರು ಗುಂಪು ಮಾಡಿದ್ರು, ಒಂದು ಸಲಕ್ಕೆ ಎತ್ತಬಹುದಾದ ಗರಿಷ್ಠ ಭಾರದ 20%, 50%, 80%. ಎಲ್ರೂ ಬೇಗಬೇಗ ಎತ್ತಬೇಕು. ಪವರ್ ಮೂರೂ ಗುಂಪಲ್ಲೂ ಹೆಚ್ಚುಕಡಿಮೆ ಒಂದೇ ಥರ ಏರ್ತು. ಶಕ್ತಿ ಜಾಸ್ತಿ ಬಂದಿದ್ದು 80% ಗುಂಪಿಗೆ. ಬ್ಯಾಲೆನ್ಸ್ ಚೆನ್ನಾಗಿ ಸುಧಾರಿಸಿದ್ದು ಬರೀ 20% ಎತ್ತಿದ ಗುಂಪಿಗೆ! ಅಂದ್ರೆ ಹಗುರ ಭಾರ, ಬೇಗ ಎತ್ತೋದು. ಅಕ್ಕಂಗೆ ಇದನ್ನ ತೋರ್ಸಿ.

ಮೈಸೂರ್_ಮೂರ್ತಿ:
ಬಿಪಿ ಇರೋರು ಮುಕ್ಕಿ ಎತ್ತಿದ್ರೆ ಸ್ಟ್ರೋಕ್ ಆಗಲ್ವಾ ಮೇಡಂ? ಅದನ್ನ ಯಾಕೆ ಯಾರೂ ಹೇಳ್ತಿಲ್ಲ.

ಫಿಸಿಯೋ_ಅಕ್ಕ:
ಸರಿಯಾದ ಪ್ರಶ್ನೆ ಸರ್. ಉಸಿರು ಬಿಗಿಹಿಡಿದು ಮುಕ್ಕಿದ್ರೆ ಬಿಪಿ ಆ ಕ್ಷಣಕ್ಕೆ ಜೋರಾಗಿ ಏರುತ್ತೆ. ಅದಕ್ಕೇ ಏಳ್ತಾ ಉಸಿರು ಬಿಡ್ಬೇಕು, ‘ಒಂದು, ಎರಡು’ ಅಂತ ಜೋರಾಗಿ ಎಣಿಸಿದ್ರೆ ಉಸಿರು ತಾನಾಗೇ ಹೊರಗೆ ಬರುತ್ತೆ. ಮಾತ್ರೇಲಿ ಬಿಪಿ ಹಿಡಿತದಲ್ಲಿದ್ರೆ ತೊಂದ್ರೆ ಇಲ್ಲ. ಹಿಡಿತದಲ್ಲಿಲ್ಲ, ಎದೆನೋವು ಬರ್ತಿದೆ, ಇತ್ತೀಚೆಗೆ ಕಣ್ಣಿನ ಅಥವಾ ಹೊಟ್ಟೆ ಆಪರೇಷನ್ ಆಗಿದೆ, ಹರ್ನಿಯಾ ಇದೆ, ಶುಗರಿಂದ ಕಣ್ಣಿನ ನರದಲ್ಲಿ ರಕ್ತ ಒಸರಿದೆ, ಇಂಥೋರು ಡಾಕ್ಟರ್ ಹೂಂ ಅನ್ನೋವರೆಗೂ ಶುರು ಮಾಡಬಾರದು.

ಫಿಟ್_ಗುರು_ಆಫರ್:
ಹಿರಿಯರಿಗೆ ವಿಶೇಷ ರಿಯಾಯಿತಿ! ನಮ್ಮ ಪ್ರೋಟೀನ್ ಪೌಡರ್ ಜೊತೆ ಮೂರು ತಿಂಗಳ ಪ್ಯಾಕೇಜ್ (ಉಳಿದ ಭಾಗ ಅಳಿಸಲಾಗಿದೆ)

ನಿರ್ವಾಹಕ:
ಜಾಹೀರಾತು ಹಾಕ್ಬೇಡಿ. ಇನ್ನೊಂದ್ಸಲ ಹಾಕಿದ್ರೆ ಐಡಿ ಬ್ಲಾಕ್.

ಮಂಡ್ಯದ_ಗಂಡು:
ಬಿಡಿ ನಿರ್ವಾಹಕರೇ, ಪಾಪ ಅವ್ರಿಗೂ ಪವರ್ ಬೇಕಿತ್ತೇನೋ. ಅಂದಂಗೆ ಪ್ರೋಟೀನ್ ವಿಷಯ ನಿಜಾನಾ? ನಮ್ಮಪ್ಪ ಎರಡೊತ್ತೂ ರಾಗಿಮುದ್ದೆ ತಿಂತಾರೆ, ರಾಗಿ ತಿಂದವ ನಿರೋಗಿ ಅಂತ ಅವರ ವಾದ.

ಸ್ಮಿತಾ_ಬಸವನಗುಡಿ:
ರಾಗಿ ಒಳ್ಳೇದೇ, ಕ್ಯಾಲ್ಸಿಯಂಗೆ ಅದರ ಮುಂದೆ ಬೇರೆ ಧಾನ್ಯ ಇಲ್ಲ. ಪ್ರೋಟೀನ್ ಮಾತ್ರ ನೂರು ಗ್ರಾಂ ಹಿಟ್ಟಲ್ಲಿ ಏಳು ಗ್ರಾಂ ಅಷ್ಟೇ. ವಯಸ್ಸಾದೋರಿಗೆ ತಜ್ಞರು ಹೇಳೋದು ದೇಹದ ತೂಕದ ಕೆಜಿಗೆ 1ರಿಂದ 1.2 ಗ್ರಾಂ, ಅಂದ್ರೆ 60 ಕೆಜಿಗೆ ದಿನಕ್ಕೆ 60–72 ಗ್ರಾಂ. ಮುದ್ದೆ ಜೊತೆ ಹುರುಳಿಕಾಳಿನ ಬಸ್ಸಾರು ಹಾಕ್ಕೊಂಡು ಆ ಕಾಳನ್ನ ಬಿಡದೆ ತಿನ್ಲಿ, ಹಸಿ ಹುರುಳೀಲಿ ನೂರಕ್ಕೆ ಇಪ್ಪತ್ತು ದಾಟುತ್ತೆ. ಮೊಟ್ಟೆ ತಿಂದ್ರೆ ಒಂದಕ್ಕೆ ಆರು ಗ್ರಾಂ. ಕಿಡ್ನಿ ತೊಂದ್ರೆ ಇರೋರು ಮಾತ್ರ ಕೇಳದೆ ಏರಿಸ್ಬಾರದು.

ಮಂಡ್ಯದ_ಗಂಡು:
ಬರೀ ರಸ ಸುರ್ಕೊಂಡು ಕಾಳನ್ನ ಪಕ್ಕಕ್ಕೆ ಇಡ್ತಾರೆ ನಮ್ಮಪ್ಪ, ಹಲ್ಲಿಲ್ಲ.

ಹುಬ್ಳಿ_ಮಂದಿ:
ಕಾಳ ರುಬ್ಬಿ ಹಾಕ್ರಿ ಸಾರಿಗೆ. ಇಲ್ಲಾ ನಮ್ಮ ಕಡಿ ಬರ್ರಿ, ಜೋಳದ ರೊಟ್ಟಿ, ಮಡಕಿಕಾಳ ಪಲ್ಯಾ, ಶೇಂಗಾ ಚಟ್ನಿ, ಮೊಸರು. ಮುದ್ದಿ ಗಿದ್ದಿ ನುಂಗೂದು ಊಟ ಏನ್ರಿ.

ಮಂಡ್ಯದ_ಗಂಡು:
ಮುದ್ದೆ ತಂಟೆಗೆ ಬರ್ಬೇಡಿ ಅಣ್ಣ, ಬೇರೆ ಏನ್ ಬೇಕಾದ್ರೂ ಮಾತಾಡಿ.

ನಿರ್ವಾಹಕ:
ಮುದ್ದೆ ರೊಟ್ಟಿ ಯುದ್ಧಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ.

ಲಂಡನ್_ಲಕ್ಷ್ಮಿ:
ಇಲ್ಲಿ ನಮ್ಮತ್ತೆ ಒಂದ್ಸಲ ಬಿದ್ದಾಗ ಒಟಾಗೋ ಅಂತ ಒಂದು ವ್ಯಾಯಾಮದ ಪಟ್ಟಿ ಕೊಟ್ರು, ಕಾಲಿಗೆ ಮರಳಿನ ಪಟ್ಟಿ ಕಟ್ಕೊಂಡು ಮನೇಲೇ ಮಾಡೋದು. ನ್ಯೂಜಿಲೆಂಡಿನವರು ಮಾಡಿದ್ದಂತೆ, ಬೀಳೋದನ್ನ 35% ತಗ್ಗಿಸಿದೆ ಅಂತ ಅವರ ಲೆಕ್ಕ. ಇದೂ ಪವರ್ ಟ್ರೇನಿಂಗೇ ಅಲ್ವಾ?

ಡಾಟಾ_ಗಿರಾಕಿ:
ಅಲ್ಲ, ಅದು ಶಕ್ತಿ, ಬ್ಯಾಲೆನ್ಸ್ ಮತ್ತೆ ವಾಕಿಂಗ್. ಸ್ಪೀಡ್ ಅದರಲ್ಲಿ ಇಲ್ಲ. ಆದ್ರೆ ನೀವು ಹೇಳಿದ್ದು ಒಳ್ಳೇದಾಯ್ತು, ಬೀಳೋದು ತಪ್ಪಿಸೋ ವಿಷಯದಲ್ಲಿ ಇವತ್ತಿಗೂ ಗಟ್ಟಿ ಸಾಕ್ಷ್ಯ ಇರೋದು ಬ್ಯಾಲೆನ್ಸ್ ಜೊತೆ ಶಕ್ತಿ ಸೇರ್ಸಿದ ವ್ಯಾಯಾಮಕ್ಕೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಅದನ್ನೇ, 65 ದಾಟಿದೋರು ವಾರಕ್ಕೆ ಮೂರು ದಿನವಾದ್ರೂ ಎರಡನ್ನೂ ಸೇರ್ಸಿ ಮಾಡ್ಬೇಕು ಅಂತ. ಬರೀ ಸ್ಪೀಡ್ ಸ್ಪೀಡ್ ಅಂತ ಬ್ಯಾಲೆನ್ಸ್ ಬಿಟ್ಬಿಡಬಾರದು.

ಫಿಸಿಯೋ_ಅಕ್ಕ:
ಅದಕ್ಕೆ ನಂದೂ ಒಪ್ಪಿಗೆ.

ಕುಡ್ಲದ_ಕೇಸರಿ:
ಹಾಗಾದ್ರೆ ಮನೆಯಲ್ಲಿ ಮಾಡುದು ಹೇಗೆ ಅಂತ ಒಂದು ಸರಿಯಾಗಿ ಬರೀರಿ ಅಕ್ಕ. ನಮ್ಮ ಅಮ್ಮನಿಗೂ ತೋರಿಸ್ಬೇಕು. ಜಿಮ್ಮಿಗೆ ಹೋಗುದು ಅಂದ್ರೆ ಅವರು ಕೋಣೆಯ ಬಾಗಿಲು ಹಾಕಿಕೊಳ್ತಾರೆ.

ಫಿಸಿಯೋ_ಅಕ್ಕ:
ಮೊದ್ಲು ಎಲ್ಲಿದೀವಿ ಅಂತ ನೋಡ್ಕೊಳ್ಳಿ. ಕೈ ಎದೆ ಮೇಲೆ ಕಟ್ಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರೋದು, ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ. ಏಷ್ಯಾದವರಿಗೆ ಅಂತ 2019ರಲ್ಲಿ ಮಾಡಿದ ಮಾನದಂಡದಲ್ಲಿ 12 ಸೆಕೆಂಡ್ ಅಥವಾ ಜಾಸ್ತಿ ಆದ್ರೆ ಕಾಲು ಸೊರಗಿದೆ ಅಂತ ಲೆಕ್ಕ. ಕೈ ಊರದೆ ಏಳೋಕೇ ಆಗ್ಲಿಲ್ಲ ಅಂದ್ರೆ ಪರೀಕ್ಷೆ ಬಿಡಿ, ಕುರ್ಚಿ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡ್ಕೊಂಡು ಶುರು ಮಾಡಿ.

ಮಾಡೋದು ಹೀಗೆ. ಗಟ್ಟಿ ಕುರ್ಚಿ, ಗೋಡೆಗೆ ಒತ್ತಿಟ್ಟಿರಬೇಕು, ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತೆ. ಮುಂದೆ ಕಟ್ಟೆನೋ ಟೇಬಲ್ಲೋ ಇರ್ಲಿ, ತಪ್ಪಿದ್ರೆ ಹಿಡ್ಕೊಳ್ಳೋಕೆ. ಚಟ್ ಅಂತ ಎದ್ದೇಳಿ, ಮೂರು ಎಣಿಸ್ತಾ ನಿಧಾನಕ್ಕೆ ಕೂತ್ಕೊಳ್ಳಿ. ಧೊಪ್ಪಂತ ಬಿದ್ರೆ ಬೆನ್ನುಮೂಳೆಗೆ ಏಟು. ಎಂಟರಷ್ಟು ಮಾಡಿ, ಒಂದೆರಡು ನಿಮಿಷ ಸುಧಾರಿಸ್ಕೊಂಡು ಇನ್ನೊಂದು ಸುತ್ತು. ಏಳೋ ಸ್ಪೀಡ್ ಕಮ್ಮಿ ಆಯ್ತು ಅನ್ನಿಸಿದ ತಕ್ಷಣ ನಿಲ್ಸಿಬಿಡಿ, ಇಲ್ಲಿ ಸುಸ್ತಾಗೋವರೆಗೂ ಎಳೆಯೋದು ಉದ್ದೇಶ ಅಲ್ಲ. ನಮ್ಮ ಜನಕ್ಕೆ ಇದನ್ನ ಒಪ್ಪಿಸೋದೇ ಕಷ್ಟ, ಬೆವರು ಬಂದಿಲ್ಲ ಅಂದ್ರೆ ವ್ಯಾಯಾಮವೇ ಆಗಿಲ್ಲ ಅಂತಾರೆ.

ಆಮೇಲೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಬೇಗ ಎತ್ತೋದು, ನಿಧಾನಕ್ಕೆ ಇಳಿಸೋದು. ನಡೆಯುವಾಗ ನಮ್ಮನ್ನ ಮುಂದೆ ತಳ್ಳೋದು ಮೀನಖಂಡ, ಅದನ್ನ ಎಲ್ರೂ ಮರೀತಾರೆ. ಒಂದು ತಿಂಗಳಾದ್ಮೇಲೆ ಗ್ರಿಲ್ ಹಿಡ್ಕೊಂಡು ತಗ್ಗು ಮೆಟ್ಟಿಲು ಹತ್ತೋದು. ಬಸ್ಸಿಗೆ ಬೇಕಾಗೋದು ಇದೇ. ವಾರಕ್ಕೆ ಎರಡು ದಿನ, ಮಧ್ಯ ಬಿಡುವು ಕೊಟ್ಟು. ಮಂಡಿ ನೋವು ಸ್ವಲ್ಪ ಬಂದು ಮಾರನೇ ದಿನಕ್ಕೆ ಹೋದ್ರೆ ಪರವಾಗಿಲ್ಲ, ಊದ್ಕೊಂಡ್ರೆ ಅಥವಾ ನೋವು ಉಳಿದ್ರೆ ದಿಂಬಿನ ಎತ್ತರ ಏರಿಸಿ. ಬರಿಗಾಲು ಅಥವಾ ಹಿಡಿತ ಇರೋ ಚಪ್ಪಲಿ. ಸೀರೆ ನೆರಿಗೆ ಮೇಲೆ ಕಟ್ಕೊಂಡ್ರೆ ಸಾಕು, ಚೂಡಿದಾರೇ ಆಗ್ಬೇಕು ಅಂತೇನಿಲ್ಲ ಅಂತ ಅಮ್ಮಂಗೆ ಹೇಳಿ.

ನಿವೃತ್ತ_ಮೇಷ್ಟ್ರು:
ಈಗಷ್ಟೇ ಮಾಡಿ ನೋಡಿದೆ. ಐದಕ್ಕೆ 13 ಸೆಕೆಂಡ್. ಮನೆಯವಳು ಗಡಿಯಾರ ಹಿಡಿದಿದ್ದಳು, ಆಮೇಲೆ ಅವಳು ಮಾಡಿ 11 ಅಂದಳು. ಈಗ ಊಟ ಬಡಿಸುವಾಗಲೂ ಅದೇ ಮಾತು.

ಬೆಂಕಿ_ಚೆಂಡು:
ಸೋತ್ರಿ ಮೇಷ್ಟ್ರೇ, ಒಪ್ಕೊಳಿ.

ಮೈಸೂರ್_ಮೂರ್ತಿ:
ನಾನು ಈಗ್ಲೂ ಹೇಳೋದು, ಸೂರ್ಯನಮಸ್ಕಾರ ಬೇಗಬೇಗ ಮಾಡಿದ್ರೆ ಇದೆಲ್ಲಾ ಬಂದೇ ಬರುತ್ತೆ.

ಸ್ಮಿತಾ_ಬಸವನಗುಡಿ:
ಮಾಡೋಕಾಗೋರಿಗೆ ಬರ್ಬಹುದು ಸರ್. ಆದ್ರೆ ಮೂಳೆ ಟೊಳ್ಳಾಗಿರೋ ಎಷ್ಟೋ ಹೆಂಗಸರಿಗೆ ಬೇಗಬೇಗ ಮುಂದೆ ಬಗ್ಗೋದೇ ಅಪಾಯ. ಅಂಥವರಿಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಲ್ಲಿ ಭಾರ ಎತ್ತಿಸಿ, ಹಾರಿ ನೆಲಕ್ಕೆ ಕಾಲೂರೋದನ್ನೂ ಸೇರ್ಸಿ ಎಂಟು ತಿಂಗಳು ಮಾಡ್ಸಿದಾರೆ, ವಾರಕ್ಕೆ ಎರಡು ದಿನ ಅರ್ಧರ್ಧ ಗಂಟೆ. ಸೊಂಟದ ಭಾಗದ ಬೆನ್ನುಮೂಳೆ ಸಾಂದ್ರತೆ 2.9% ಏರ್ತು, ಮನೇಲಿ ಹಗುರ ವ್ಯಾಯಾಮ ಮಾಡಿದವರಿಗೆ 1.2% ಇಳೀತು. ಆದ್ರೆ ಪ್ರತಿ ಸಲ ಪಕ್ಕದಲ್ಲಿ ಕಲಿತವರು ನಿಂತು ಮಾಡ್ಸಿದ್ದು ಅದು, ವಿಡಿಯೋ ನೋಡ್ಕೊಂಡು ಮಾಡೋ ಥರದ್ದಲ್ಲ.

ತುಮಕೂರ್_ಹುಡುಗ:
ಎಲ್ರಿಗೂ ಥ್ಯಾಂಕ್ಸ್. ಫಿಸಿಯೋ ಅಕ್ಕ ಬರ್ದಿದ್ದನ್ನ ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟ್ಸಿದೀನಿ. ಅಕ್ಕ ‘ದಿಂಬು ಹಾಕಿ ಮಾಡೋದಾದ್ರೆ ಸರಿ, ಜಿಮ್ ಬೇಡ’ ಅಂತ ಅರ್ಧ ದಾರಿಗೆ ಬಂದಿದಾಳೆ. ಆ ಟ್ರೇನರ್‌ಗೆ ಏನು ಹೇಳ್ಲಿ?

ಡಾಟಾ_ಗಿರಾಕಿ:
ವಯಸ್ಸಾದೋರಿಗೆ ಮೊದ್ಲು ಮಾಡ್ಸಿದಾರಾ, ಬಿಪಿ ಅಳೀತಾರಾ, ಮೊದಲ ತಿಂಗಳು ಏನು ಮಾಡಿಸ್ತಾರೆ, ಇಷ್ಟು ಕೇಳಿ. ಸರಿಯಾಗಿ ಉತ್ತರ ಕೊಟ್ರೆ ಮುಂದೆ ಯೋಚಿಸಿ. ಮೊದಲ ದಿನವೇ ಪೂರ್ತಿ ವರ್ಷದ ದುಡ್ಡು ಕೇಳಿದ್ರೆ ನಮಸ್ಕಾರ ಹಾಕಿ ಬನ್ನಿ.

ಲಂಡನ್_ಲಕ್ಷ್ಮಿ:
ಫಿಸಿಯೋ ಅಕ್ಕ, ಒಂದು ಪ್ರಶ್ನೆ. ನಮ್ಮ ಮಾವನವರಿಗೆ 76, ಸ್ಟೆಂಟ್ ಹಾಕಿ ಒಂದು ವರ್ಷದ ಮೇಲಾಯ್ತು, ಶಿವಮೊಗ್ಗದಲ್ಲಿ ಒಬ್ರೇ ಇರೋದು. ಅವರೂ ಮಾಡ್ಬಹುದಾ?

ಫಿಸಿಯೋ_ಅಕ್ಕ:
ಹೃದಯದ ಡಾಕ್ಟರ್ ಹತ್ರ ಮೊದ್ಲು ಕೇಳ್ಬೇಕು, ಟ್ರೆಡ್‌ಮಿಲ್ ಟೆಸ್ಟ್ ಬೇಕಾ ಅಂತ ಅವರೇ ಹೇಳ್ತಾರೆ. ಅವರು ಸರಿ ಅಂದ್ರೂ ಒಬ್ರೇ ಇರುವಾಗ ಹೊಸದಾಗಿ ಶುರು ಮಾಡೋದು ಬೇಡ, ಮೊದಲ ಕೆಲವು ವಾರ ಫಿಸಿಯೋನ ಮನೆಗೆ ಕರೆಸ್ಕೊಳ್ಲಿ. ಅವರು ತಗೊಳ್ತಿರೋ ಮಾತ್ರೆಗಳ ಚೀಟಿ ಫೋಟೋ ಆ ಫಿಸಿಯೋಗೆ ಕಳ್ಸಿ, ಕೆಲವು ಮಾತ್ರೆ ತಗೊಂಡ್ರೆ ನಾಡಿ ಬಡಿತ ಅಷ್ಟಾಗಿ ಏರಲ್ಲ, ಬರೀ ನಾಡಿ ನೋಡ್ಕೊಂಡು ಎಷ್ಟು ದಣಿದಿದಾರೆ ಅಂತ ಹೇಳೋಕಾಗಲ್ಲ.